ಮಿಲಿಗ್ರಾಂ ಮನೆಯ ನಲ್ಲಿ ನೀರು

ಮೂರನೆಯ ಮಹಡಿಯ ದರ್ಜಿಯ ಗುಲಾಬಿ ಆ ಸೋಮವಾರ ಏಳನೆಯ ಹೂ ಬಿಟ್ಟಿತು. ಎರಡನೆಯ ಮಹಡಿಯ ಗುಲಾಬಿ ಅದೇ ದಿನ ಇಪ್ಪತ್ತಮೂರನೆಯ ಎಲೆ ಉದುರಿಸಿತು. ಹೂವನ್ನೂ ಎಲೆಯನ್ನೂ ಎಣಿಸಿ ಬರೆದಿಟ್ಟವನು ಒಬ್ಬನೇ, ಆ ಎರಡನೆಯ ಮಹಡಿಯವನು. ಅವನನ್ನು ಆ ಕಟ್ಟಡದ ಎಂಟು ಮನೆಗಳವರೂ ಮಿಲಿಗ್ರಾಂ ಎಂದೇ ಕರೆಯುತ್ತಿದ್ದರು.

ಹೆಸರು ಬಂದದ್ದು ಕಸುಬಿನಿಂದ. ಅವನು ತಕ್ಕಡಿ ರಿಪೇರಿ ಮಾಡುತ್ತಿದ್ದ. ತರಕಾರಿ ಅಂಗಡಿಯ ತೂಕದ ಯಂತ್ರದಿಂದ ಹಿಡಿದು ಚಿನ್ನದಂಗಡಿಯವರು ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳುವ ಪುಟ್ಟ ತಕ್ಕಡಿಯವರೆಗೆ, ಸುಳ್ಳು ಹೇಳಲು ಕಲಿತಿದ್ದೆಲ್ಲ ಅವನ ಮೇಜಿಗೆ ಬರುತ್ತಿತ್ತು. ಅವನು ಅವುಗಳ ಕಿವಿ ಹಿಂಡಿ ಸೊನ್ನೆಗೆ ತಂದು ಕಳಿಸುತ್ತಿದ್ದ. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಮನುಷ್ಯರ ಮೇಲಿನ ನಂಬಿಕೆ ಸ್ವಲ್ಪ ಕಡಿಮೆಯಾಗುವುದು ಸಹಜ. ಯಾರಾದರೂ ಚಹಾಕ್ಕೆ ಒಂದು ಚಮಚ ಸಕ್ಕರೆ ಎಂದರೆ ಅವನಿಗೆ ಸಮಾಧಾನವಿರಲಿಲ್ಲ. ಯಾವ ಚಮಚ, ತಲೆ ತಟ್ಟಿದ್ದೋ ಗುಡ್ಡೆ ಹಾಕಿದ್ದೋ ಎಂದು ವಿಚಾರಿಸುತ್ತಿದ್ದ. ಅಷ್ಟರಲ್ಲಿ ಚಹಾ ಆರುತ್ತಿತ್ತು.

ದರ್ಜಿ ಇದಕ್ಕೆ ತದ್ವಿರುದ್ಧ. ಅವನ ಕೊರಳಲ್ಲಿ ಟೇಪು ಇತ್ತು, ಆದರೆ ಅದು ಅಲಂಕಾರಕ್ಕೆ. ಗಿರಾಕಿ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುವಷ್ಟರಲ್ಲಿ ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಒಳಗೆ ಹೋಗಿ ಬಟ್ಟೆ ಕತ್ತರಿಸಿಬಿಡುತ್ತಿದ್ದ. ಅಂಗಿ ಸರಿಯಾಗಿ ಕೂರದಿದ್ದರೆ ಮಿಲಿಗ್ರಾಂ ಅವನನ್ನು ಕ್ಷಮಿಸುತ್ತಿದ್ದನೇನೋ. ಅದು ಪ್ರತಿ ಸಲವೂ ಸರಿಯಾಗಿ ಕೂರುತ್ತಿತ್ತು.

ಇಬ್ಬರ ನಡುವಿನ ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ ಹೀಗೆ. ಮಿಲಿಗ್ರಾಂ ಬಾಗಿಲ ಬಳಿ ಚಪ್ಪಲಿಗೂಡು ಮಾಡಿಸಿದ. ತಿಂಗಳೊಳಗೆ ಮೇಲೆ ಚಪ್ಪಲಿಗೂಡು ಬಂತು, ಒಂದು ಅಂತಸ್ತು ಹೆಚ್ಚಿಗೆ. ಮಿಲಿಗ್ರಾಂ ಗೋಡೆ ಗಡಿಯಾರ ತಂದ. ಮೇಲೆ ಗಂಟೆಗೊಮ್ಮೆ ಹಕ್ಕಿ ಹೊರಗೆ ಬಂದು ಕೂಗುವ ಗಡಿಯಾರ ಬಂತು, ಮತ್ತು ಆ ಹಕ್ಕಿಯ ಕೂಗು ಕೆಳಗಿನ ಮನೆಗೇ ಹೆಚ್ಚು ಕೇಳುತ್ತಿತ್ತು. ಹಕ್ಕಿ ಮೂರು ನಿಮಿಷ ತಡವಾಗಿ ಕೂಗುತ್ತಿತ್ತು ಎಂಬುದು ಬೇರೆ ವಿಷಯ. ಆ ಮೂರು ನಿಮಿಷವನ್ನು ಮಿಲಿಗ್ರಾಂ ದಿನಕ್ಕೆ ಇಪ್ಪತ್ತನಾಲ್ಕು ಬಾರಿ ಅನುಭವಿಸುತ್ತಿದ್ದ.

ಹಾಗಾಗಿ ಎಂಟು ತಿಂಗಳ ಹಿಂದೆ ನೀರು ಮೆದು ಮಾಡುವ ಯಂತ್ರ ತಂದಾಗ ಅವನು ಅದನ್ನು ಯಾರಿಗೂ ಹೇಳಲಿಲ್ಲ. ಆ ಊರಿನ ನೀರು ಗಡಸು. ನಲ್ಲಿಗಳ ಬಾಯಿಗೆಲ್ಲ ಬಿಳಿ ಸುಣ್ಣ ಕಟ್ಟುತ್ತಿತ್ತು, ಸೋಪು ಎಷ್ಟು ಉಜ್ಜಿದರೂ ನೊರೆ ಬರುತ್ತಿರಲಿಲ್ಲ. ಈ ಯಂತ್ರಕ್ಕೆ ತಿಂಗಳಿಗಿಷ್ಟು ಉಪ್ಪು ಹಾಕಿದರೆ ಸಾಕು, ಮನೆಯೊಳಗೆ ಬರುವ ನೀರೆಲ್ಲ ಮೆದುವಾಗುತ್ತಿತ್ತು. ಕೂರಿಸಲು ಬಂದ ಕೊಳಾಯಿಯವನು ಒಂದು ನಲ್ಲಿಯನ್ನು ಯಂತ್ರಕ್ಕೆ ಸೇರಿಸದೆ ಹಾಗೇ ಬಿಡೋಣ ಎಂದ. ಯಾಕೆ ಎಂದು ಅವನು ಹೇಳುವುದರೊಳಗೆ ಮಿಲಿಗ್ರಾಂ ಕೈ ಎತ್ತಿದ.

“ಅರ್ಧ ಕೆಲಸ ನನಗೆ ಅಭ್ಯಾಸ ಇಲ್ಲ. ಎಲ್ಲಾ ನಲ್ಲಿಗೂ ಹಾಕು.”

ಕೊಳಾಯಿಯವನು ಭುಜ ಕುಣಿಸಿ ಎಲ್ಲಾ ನಲ್ಲಿಗೂ ಹಾಕಿ ಹೋದ.

ಯಂತ್ರ ನಿಂತದ್ದು ಬಚ್ಚಲ ಪಕ್ಕದ ಗೂಡಿನಲ್ಲಿ. ಬಂದವರ ಕಣ್ಣಿಗೆ ಬೀಳಬಾರದೆಂದು ಅದಕ್ಕೆ ಒಂದು ಪರದೆ ಬೇಕಾಯಿತು. ಹೆಂಡತಿ ಪರದೆಯನ್ನು ಎಲ್ಲಿ ಹೊಲಿಸಿದಳು ಎಂಬುದು ಅದನ್ನು ನೇತು ಹಾಕಿದ ಮೇಲೆ ತಿಳಿಯಿತು. ಮೇಲಿನ ಮನೆಯವನೇ ಹೊಲಿದಿದ್ದ. ಗೂಡಿನಲ್ಲಿ ಹಳೇ ಸಾಮಾನು ತುಂಬಿದೆ ಎಂದು ಅವಳು ಹೇಳಿದ್ದಳಂತೆ. ಅವನು ಹೊಲಿಗೆಗೆ ಏನೂ ತೆಗೆದುಕೊಳ್ಳದಿದ್ದಾಗ ಅವಳಿಗೆ ಸಂಕೋಚವಾಗಿ, ತಾಯಿ ಕಳಿಸಿದ್ದ ಎರಡು ತಿಳಿಹಳದಿ ಗುಲಾಬಿ ಸಸಿಗಳಲ್ಲಿ ಒಂದನ್ನು ಮೇಲೆ ಕೊಟ್ಟು ಬಂದಿದ್ದಳು. ಒಂದೇ ತಾಯಿಗಿಡದಿಂದ ಒಂದೇ ದಿನ ಕತ್ತರಿಸಿದ ಎರಡು ಕಡ್ಡಿ. ಒಂದೇ ಅಂಗಡಿಯ ಎರಡು ಕುಂಡ. ಒಂದರ ಮೇಲೊಂದಿರುವ ಎರಡು ಬಾಲ್ಕನಿ, ಒಂದೇ ಬಿಸಿಲು. ಇನ್ನು ವ್ಯತ್ಯಾಸವಾಗಲು ಉಳಿದದ್ದೇನು ಎಂದು ಮಿಲಿಗ್ರಾಂ ಎಂಟು ತಿಂಗಳಿಂದ ಯೋಚಿಸುತ್ತಿದ್ದ. ಅವನು ದಿನಕ್ಕೆ ಎರಡು ಸಲ, ಏಳುನೂರೈವತ್ತು ಮಿಲಿಲೀಟರ್ ಅಳೆದು ನೀರು ಹಾಕುತ್ತಿದ್ದ. ಎಲೆಗಳ ಅಂಚು ಕಾಗದ ಸುಟ್ಟಂತೆ ಕಂದಾಗಿ ಒಳಗೆ ಒಳಗೆ ಹರಡುತ್ತಿತ್ತು. ಗಿಡ ಸೊರಗಿದಷ್ಟೂ ಅವನು ನೀರು ಹೆಚ್ಚಿಸಿದ.

ಸೋಮವಾರ ಅತ್ತೆಯ ಫೋನು ಬಂತು. ಶನಿವಾರ ಬರುತ್ತೇನೆ, ನನ್ನ ಗುಲಾಬಿ ಹೇಗಿದೆ ಎಂದು ಕೇಳಿದರು. ತುಂಬಾ ಚೆನ್ನಾಗಿದೆ, ಏಳು ಹೂ ಬಿಟ್ಟಿದೆ ಎಂದಳು ಹೆಂಡತಿ. ಯಾವ ಮಹಡಿಯಲ್ಲಿ ಎಂದು ಹೇಳಲಿಲ್ಲ. ಫೋನಿಟ್ಟು ಗಂಡನ ಕಡೆ ತಿರುಗಿದಳು.

“ನೀವೇನೂ ತಲೆ ಕೆಡಿಸ್ಕೋಬೇಡಿ ರೀ. ಅಮ್ಮನ್ನ ಮೇಲಿನ ಮನೆಗೇ ಕರ್ಕೊಂಡು ಹೋಗಿ ತೋರಿಸ್ತೀನಿ.”

ಅವಳು ಸಮಾಧಾನಕ್ಕೆ ಹೇಳಿದ ಮಾತಿನಿಂದ ಅವನಿಗಿದ್ದ ಸಮಾಧಾನವೂ ಹೋಯಿತು. ಅತ್ತೆ ದರ್ಜಿಯ ಬಾಲ್ಕನಿಯಲ್ಲಿ ನಿಲ್ಲುವುದು, ದರ್ಜಿ ಕುರ್ಚಿ ತಂದು ಹಾಕುವುದು, ಇಂಥ ಕೈ ನಮ್ಮ ಅಳಿಯಂದಿರಿಗೆ ಇಲ್ಲವಲ್ಲ ಎಂದು ಅತ್ತೆ ಹೇಳುವುದು, ಆ ಹೊತ್ತಿಗೆ ಸರಿಯಾಗಿ ಹಕ್ಕಿ ಕೂಗುವುದು, ಎಲ್ಲವೂ ಅವನ ಕಣ್ಣ ಮುಂದೆ ಬಂತು. ಶನಿವಾರಕ್ಕೆ ಐದು ದಿನ ಇತ್ತು. ಅಷ್ಟರೊಳಗೆ ತಪ್ಪು ತನ್ನದಲ್ಲ ಎಂದು ಅವನು ರುಜುವಾತು ಮಾಡಬೇಕಿತ್ತು.

ಮಂಗಳವಾರ ನೀರು ಪರೀಕ್ಷಿಸುವ ಮೀಟರ್ ಕೊಂಡ. ಪೆನ್ನಿನಷ್ಟು ಉದ್ದ, ತುದಿಯಲ್ಲಿ ಎರಡು ಸಣ್ಣ ಕಾಲು, ಮೇಲೆ ಅಂಕಿ ಮೂಡುವ ಕಿಟಕಿ. ಜೊತೆಗೆ ಎರಡು ಪುಟದ ಕರಪತ್ರ. ನೀರಿನಲ್ಲಿ ಎಷ್ಟು ಪದಾರ್ಥ ಕರಗಿದೆ ಎಂಬುದನ್ನು ಮೀಟರ್ ತೋರಿಸುತ್ತದೆ ಎಂದು ಮೊದಲ ಪುಟದಲ್ಲಿತ್ತು. ಎರಡನೆಯ ಪುಟವನ್ನು ಮಿಲಿಗ್ರಾಂ ಮೀಟರಿನ ಕಾಲು ಒರೆಸಲು ಬಳಸಿದ. ಆಮೇಲೆ ಅಡುಗೆಮನೆಯ ನಲ್ಲಿಯಿಂದ ಲೋಟಕ್ಕೆ ನೀರು ಹಿಡಿದು, ಉಸಿರು ಬಿಗಿಹಿಡಿದು ಮೀಟರ್ ಅದ್ದಿದ. ನಾನೂರ ಮೂವತ್ತೊಂದು. ಮೂರು ಬಾರಿ ನೋಡಿದರೂ ನಾನೂರ ಮೂವತ್ತೊಂದೇ.

ಒಂಟಿ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ ಎಂಬುದು ತಕ್ಕಡಿಯವನಿಗೆ ಹೇಳಿಕೊಡಬೇಕಾಗಿಲ್ಲ. ಎದುರು ತಟ್ಟೆಯಲ್ಲಿ ಇಡಲು ಇನ್ನೊಂದು ಬೇಕು. ಆ ಇನ್ನೊಂದು ದರ್ಜಿಯ ಮನೆಯಲ್ಲಿತ್ತು.

ಬುಧವಾರ ಬೆಳಿಗ್ಗೆ ಅವನು ಚೆನ್ನಾಗಿಯೇ ಇದ್ದ ಪ್ಯಾಂಟೊಂದನ್ನು ಮಡಿಸಿಕೊಂಡು, ಮೀಟರನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದ. ಅರ್ಧ ಇಂಚು ಗಿಡ್ಡ ಮಾಡಬೇಕು ಎಂದ. ದರ್ಜಿ ಪ್ಯಾಂಟನ್ನೂ ನೋಡಲಿಲ್ಲ, ಟೇಪನ್ನೂ ಮುಟ್ಟಲಿಲ್ಲ.

“ಕಾಲು ಇಂಚು ಸಾಕು ಸಾರ್. ನಿಮ್ಮ ಎಡಗಾಲು ಒಂದು ನೂಲು ಉದ್ದ ಇದೆ.”

ಇದು ನಿಜ ಎಂಬುದು ಮಿಲಿಗ್ರಾಂಗೆ ಗೊತ್ತಿತ್ತು. ಅವನೇ ಒಮ್ಮೆ ಅಳೆದುಕೊಂಡಿದ್ದ. ಅವನು ಮಾತು ಬದಲಿಸಿ ಕುಡಿಯಲು ನೀರು ಕೇಳಿದ. ದರ್ಜಿಯ ಹೆಂಡತಿ ಲೋಟ ತಂದಿಟ್ಟು ಒಳಗೆ ಹೋದಳು, ದರ್ಜಿ ಹೊಲಿಗೆ ಯಂತ್ರದ ಕಡೆ ತಿರುಗಿದ. ಮಿಲಿಗ್ರಾಂ ಮೀಟರ್ ಅದ್ದಿದ. ಎದುರಿಗೆ, ಗಿರಾಕಿಗಳು ಉಡುಪು ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ದರ್ಜಿಯ ಹೆಂಡತಿಗೆ ಆ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು.

ನಾನೂರ ಹತ್ತು.

ಇಪ್ಪತ್ತೊಂದು ಕಡಿಮೆ. ಮಿಲಿಗ್ರಾಂನ ಮುಖದ ಬಣ್ಣ ಇಳಿಯಿತು. ತೊಟ್ಟಿ ಇರುವುದು ತಾರಸಿಯಲ್ಲಿ. ಮೇಲಿನ ಮನೆಗೆ ತಿಳಿನೀರು ಮೊದಲು ಇಳಿಯುತ್ತದೆ, ತನ್ನ ಪಾಲಿಗೆ ಬರುವುದು ತಳದ ಗಸಿ. ಎಂಟು ತಿಂಗಳಿಂದ ದರ್ಜಿಯ ಗುಲಾಬಿ ಕುಡಿದು ಬಿಟ್ಟದ್ದನ್ನು ತನ್ನ ಗುಲಾಬಿ ಕುಡಿಯುತ್ತಿದೆ. ಅವನು ಲೋಟವನ್ನು ತುಟಿಗೆ ಸೋಕಿಸದೆ ಕೆಳಗಿಟ್ಟು, ಪ್ಯಾಂಟನ್ನೂ ಮರೆತು ಮೆಟ್ಟಿಲಿಳಿದ.

ದರ್ಜಿಯ ಹೆಂಡತಿ ಸುಳ್ಳು ಹೇಳುವವಳಲ್ಲ. ನೆಲಮಹಡಿಯ ನಿವೃತ್ತ ಹೆಡ್ ಮೇಷ್ಟ್ರು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರಿಗೆ ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನೀರು ಕೇಳಿದ್ದು, ಗುಟ್ಟಾಗಿ ಸೂಜಿಯಂಥದ್ದು ಅದ್ದಿದ್ದು, ಅಂಕಿ ನೋಡಿ ಮುಖ ಬಿಳಿಚಿದ್ದು, ಒಂದು ಗುಟುಕೂ ಕುಡಿಯದೆ ಓಡಿದ್ದು. ಪ್ರತಿಯೊಂದು ಮಾತೂ ಸತ್ಯ. ಅದರಿಂದಾಗಿಯೇ ಸಂಜೆಯೊಳಗೆ ಎಂಟೂ ಮನೆಗಳಲ್ಲಿ ಯಾರೂ ನಲ್ಲಿ ನೀರು ಕುಡಿಯದ ಹಾಗಾಯಿತು. ಮೊದಲ ಮಹಡಿಯ ನರ್ಸಮ್ಮ ಆ ತಿಂಗಳು ಕಟ್ಟಡದಲ್ಲಿ ಬಂದ ಹೊಟ್ಟೆನೋವುಗಳನ್ನು ನೆನಪಿನಿಂದ ಪಟ್ಟಿ ಮಾಡಿದರು. ಮೂರು ಸಿಕ್ಕವು. ಒಂದು ಅವರದೇ.

ಗುರುವಾರ ಬೆಳಿಗ್ಗೆ ಮಿಲಿಗ್ರಾಂ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಬಾಟಲಿ. ಇಷ್ಟು ಜನ ತನ್ನ ಮೀಟರನ್ನು ಹುಡುಕಿಕೊಂಡು ಬಂದದ್ದು ಅವನ ಬಾಳಿನಲ್ಲಿ ಇದೇ ಮೊದಲು. ಅವನು ಮೇಜು ಎಳೆದು ಹಾಕಿ, ರಿಜಿಸ್ಟರು ತೆರೆದು, ಗಂಭೀರವಾಗಿ ಕುಳಿತ. ಮೇಷ್ಟ್ರ ನೀರು ನಾನೂರ ಹತ್ತು. ನರ್ಸಮ್ಮನದು ನಾನೂರ ಒಂಬತ್ತು. ಎದುರುಮನೆಯವರದು, ಅದೇ ಎರಡನೆಯ ಮಹಡಿಯದು, ನಾನೂರ ಹನ್ನೊಂದು. ಒಂದೊಂದು ಅಂಕಿ ಬರೆಯುವಾಗಲೂ ಅವನ ದವಡೆ ಬಿಗಿಯುತ್ತಿತ್ತು. ಇಡೀ ಕಟ್ಟಡಕ್ಕೆ ಒಳ್ಳೆಯ ನೀರು, ತನಗೊಬ್ಬನಿಗೆ ಕೆಟ್ಟದ್ದು. ಇದನ್ನು ಬಾಯಿಬಿಟ್ಟು ಹೇಳಿದರೆ ದರ್ಜಿಗೂ ಗೊತ್ತಾಗುತ್ತದೆ. ಆದ್ದರಿಂದ ಅಂಕಿಯನ್ನು ಅಂಗೈಯಿಂದ ಮುಚ್ಚಿ ಬರೆದುಕೊಂಡ.

ಎಷ್ಟು ಬಂತಪ್ಪ, ಭಯ ಏನಾದ್ರೂ ಇದೆಯಾ ಎಂದು ಮೇಷ್ಟ್ರು ಮೂರು ಸಲ ಕೇಳಿದರು.

“ಹೇಳಬೇಕಾದ ಜಾಗದಲ್ಲಿ ಹೇಳ್ತೀನಿ ಮೇಷ್ಟ್ರೇ,” ಎಂದ ಅವನು.

ಮೂವತ್ತು ವರ್ಷ ಪರೀಕ್ಷೆಯ ಫಲಿತಾಂಶ ಓದಿದವರು ಮೇಷ್ಟ್ರು. ಅಂಕ ಹೇಳಲು ಹಿಂಜರಿಯುವುದು ಯಾವಾಗ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋದವರೇ ದೂರಿನ ಅರ್ಜಿ ಬರೆಯಲು ಕುಳಿತರು.

ಸಾಲಿನ ಕೊನೆಯಲ್ಲಿ ದರ್ಜಿ ಬಂದ. ಎಣ್ಣೆಯ ಹಳೇ ಬಾಟಲಿಯಲ್ಲಿ ಮುಕ್ಕಾಲು ನೀರು. ಎಷ್ಟು ಬೇಕೋ ಗೊತ್ತಾಗಲಿಲ್ಲ, ಅಂದಾಜಿಗೆ ತಂದೆ ಎಂದು ನಕ್ಕ. ಕಟ್ಟಡದಲ್ಲಿ ಇನ್ನೂ ನಲ್ಲಿ ನೀರನ್ನೇ ಕುಡಿಯುತ್ತಿದ್ದವನು ಅವನೊಬ್ಬನೇ. ಹೆದರಿಕೊಳ್ಳುವ ಹಾಗೆ ಕಾಣಲಿಲ್ಲ ಎಂಬುದು ಅವನ ವಿವರಣೆ. ಮಿಲಿಗ್ರಾಂ ಎರಡು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆಯನ್ನು ಆದಷ್ಟು ಸಹಜವಾಗಿ ಹೊರಗೆ ಬಿಟ್ಟ. ಗುಲಾಬಿಗೆ ಏನು ಹಾಕುತ್ತೀರಿ ಎಂದ.

“ನೀರು.”

“ಎಷ್ಟು?”

“ಬಾಡಿದ ಹಾಗೆ ಕಂಡಾಗ, ಸಾಕು ಅನ್ನಿಸೋವರೆಗೆ.”

“ಬೇರೆ ಏನೂ ಹಾಕಲ್ವಾ?”

“ಇಸ್ತ್ರಿಪೆಟ್ಟಿಗೆ ಕಾಯೋವರೆಗೆ ಸುಮ್ನೆ ನಿಂತಿರ್ತೀನಲ್ಲ ಸಾರ್, ಆಗ ಅದರ ಹತ್ರ ಎರಡು ಮಾತಾಡ್ತೀನಿ.”

ಮಿಲಿಗ್ರಾಂ ರಿಜಿಸ್ಟರಿನಲ್ಲಿ ‘ಮಾತು’ ಎಂದು ಬರೆದು, ಪಕ್ಕದಲ್ಲಿ ಎಷ್ಟು ಎಂದು ಬರೆಯಲು ಜಾಗ ಬಿಟ್ಟ. ಆ ಸಂಜೆ ಅವನು ತನ್ನ ಬಾಲ್ಕನಿಗೆ ಹೋಗಿ, ಸುತ್ತಮುತ್ತ ನೋಡಿ, ತನ್ನ ಗುಲಾಬಿಯ ಜೊತೆ ಮಾತಾಡಲು ಪ್ರಯತ್ನಿಸಿದ್ದೂ ಉಂಟು. ಏನು ಮಾತಾಡಬೇಕೋ ತೋಚದೆ ಅದಕ್ಕೆ ಇಪ್ಪತ್ತೊಂದರ ವ್ಯತ್ಯಾಸವನ್ನು ವಿವರಿಸಿದ. ಗುಲಾಬಿ ಇನ್ನೊಂದು ಎಲೆ ಉದುರಿಸಿತು.

ಶುಕ್ರವಾರ ಅರ್ಜಿ ಸಿದ್ಧವಾಯಿತು. ಮೇಷ್ಟ್ರು ಕಪ್ಪು ಶಾಯಿಯಲ್ಲಿ ಬರೆದು, ತಾವೇ ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೆ ಕಪ್ಪಿನಲ್ಲಿ ಬರೆದಿದ್ದರು. ಕಟ್ಟಡದ ನೀರಿನಲ್ಲಿ ‘ಬಾಯಿಂದ ಹೇಳಲಾಗದಂಥ ದೋಷ’ ಪತ್ತೆಯಾಗಿದೆ ಎಂದು ಅದರಲ್ಲಿತ್ತು. ಮೊದಲ ಸಹಿ ಮಿಲಿಗ್ರಾಂನದು. ಅವನು ಮನಸ್ಸಿಟ್ಟು ಸಹಿ ಮಾಡಿದ. ಸರ್ಕಾರದ ಮನುಷ್ಯ ಬಂದು, ನಿಮ್ಮ ಕೊಳವೆಯಲ್ಲೇ ದೋಷ, ಪಾಪ ನೀವೇನು ಮಾಡುತ್ತೀರಿ ಎಂದು ಅತ್ತೆಯ ಎದುರಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಮೇಷ್ಟ್ರು ಅರ್ಜಿಯನ್ನು ನೀರಿನ ಕಚೇರಿಗೆ ಒಯ್ದು, ಅಲ್ಲಿಯ ಬೆಂಚಿನ ಮೇಲೆ ಕುಳಿತು, ಉತ್ತರ ಕೊಡುವವರೆಗೆ ಏಳುವುದಿಲ್ಲ ಎಂದರು. ಪರೀಕ್ಷಕನೊಬ್ಬ ಶನಿವಾರ ಹನ್ನೊಂದು ಗಂಟೆಗೆ ಬರುವುದೆಂದು ತೀರ್ಮಾನವಾಯಿತು.

ಶನಿವಾರ ಪರೀಕ್ಷಕ ಬಂದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಮರದ ಪೆಟ್ಟಿಗೆ, ಮುಖದಲ್ಲಿ ಹತ್ತಾರು ಕಟ್ಟಡಗಳ ಮೆಟ್ಟಿಲು ಹತ್ತಿದ ದಣಿವು. ಎಂಟು ಮನೆಯವರೂ ಅವನ ಹಿಂದೆ ಮೆರವಣಿಗೆ ಹೊರಟರು. ಅವನು ಮೊದಲು ಮೇಷ್ಟ್ರ ಮನೆಯ ನೀರನ್ನು ಸಣ್ಣ ಗಾಜಿನ ಕೊಳವೆಗೆ ಹಿಡಿದು, ಏನೋ ಪುಡಿ ಹಾಕಿದ. ನೀರು ಕೆಂಪಗಾಯಿತು. ನರ್ಸಮ್ಮ ಉಸಿರು ಎಳೆದುಕೊಂಡರು. ಗಡಸು ನೀರು ಹೀಗೇ ಕೆಂಪಾಗುವುದು, ಇನ್ನು ಔಷಧಿ ಬಿಡುತ್ತೇನೆ, ಎಷ್ಟು ಹನಿಗೆ ನೀಲಿಯಾಗುತ್ತದೋ ಅಷ್ಟು ಗಡಸು ಎಂದು ಅವನು ಹೇಳಿದ. ಹದಿನಾಲ್ಕು ಹನಿಗೆ ನೀಲಿಯಾಯಿತು. ಇದು ಇಡೀ ಊರಿನ ನೀರು, ಕುಡಿಯಲು ಏನೂ ತೊಂದರೆ ಇಲ್ಲ ಎಂದ. ಮೇಷ್ಟ್ರಿಗೆ ನಿರಾಸೆಯಾಯಿತು.

ದರ್ಜಿಯ ಮನೆಯಲ್ಲೂ ಹದಿನಾಲ್ಕು ಹನಿ. ಅಲ್ಲಿಂದ ಎಲ್ಲರೂ ಮಿಲಿಗ್ರಾಂ ಮನೆಗೆ ಇಳಿದರು. ಮಿಲಿಗ್ರಾಂ ತಾನೇ ನಲ್ಲಿ ತಿರುಗಿಸಿ ಕೊಟ್ಟ. ಪರೀಕ್ಷಕ ಪುಡಿ ಹಾಕಿದ. ನೀರು ಕೆಂಪಗಾಗಲೇ ಇಲ್ಲ. ಒಂದು ಹನಿಯನ್ನೂ ಬಿಡುವ ಮೊದಲೇ ಅದು ನೀಲಿಯಾಗಿ ನಿಂತಿತ್ತು.

ಪರೀಕ್ಷಕ ಕೊಳವೆಯನ್ನು ಬೆಳಕಿಗೆ ಹಿಡಿದ. ತೊಳೆದು ಮತ್ತೆ ಮಾಡಿದ. ಮತ್ತೆ ನೀಲಿ.

“ಸೊನ್ನೆ,” ಎಂದ.

ಹತ್ತೊಂಬತ್ತು ವರ್ಷ ಸೊನ್ನೆಯನ್ನೇ ಹುಡುಕಿಕೊಂಡು ಬದುಕಿದವನಿಗೆ ಆ ಮಾತು ಎಷ್ಟು ಹಿತವಾಗಿರಬೇಕು ಎಂದು ಓದುಗರು ಊಹಿಸಬಹುದು. ಮಿಲಿಗ್ರಾಂ ದರ್ಜಿಯ ಕಡೆ ನೋಡಿದ. ಆ ಹಿತ ಅರ್ಧ ನಿಮಿಷ ಇತ್ತು.

ಈ ಮನೆಗೆ ಊರಿನ ನೀರು ಬರುತ್ತಿಲ್ಲ, ಬೇರೆ ಎಲ್ಲಿಂದಲೋ ಬರುತ್ತಿದೆ ಎಂದು ಪರೀಕ್ಷಕ ನಿಧಾನವಾಗಿ ಹೇಳಿದ. ಅವನ ದಣಿವು ಮಾಯವಾಗಿತ್ತು. ಪೆಟ್ಟಿಗೆಯಿಂದ ಬೇರೊಂದು ಪುಸ್ತಕ ತೆಗೆದ. ಕಚೇರಿಗೆ ತಿಳಿಸದೆ ಬೇರೆ ಕೊಳವೆಯಿಂದ ನೀರು ಎಳೆದುಕೊಳ್ಳುವವರ ಹೆಸರು ಬರೆಯುವ ಪುಸ್ತಕ ಅದು. ಮೆಟ್ಟಿಲವರೆಗೂ ನಿಂತಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರ ದನಿ ತರಗತಿಯ ದನಿಯಾಯಿತು.

“ಅಂಕಿ ಕೈಯಲ್ಲಿ ಮುಚ್ಚಿಕೊಂಡಿದ್ದು ಇದಕ್ಕೇನಪ್ಪಾ? ಕಳ್ಳ ಕನೆಕ್ಷನ್ನು?”

ಸರಿಯಾಗಿ ಆ ಗಳಿಗೆಗೆ ಅತ್ತೆ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಇಷ್ಟು ಜನರನ್ನು ಕಂಡು ಯಾರಿಗೆ ಏನಾಯಿತು ಎಂದು ಕೂಗಿದರು. ಯಾರಿಗೂ ಏನೂ ಆಗಿಲ್ಲ, ಸದ್ಯಕ್ಕೆ ನಿಮ್ಮ ಅಳಿಯ ನೀರು ಕದ್ದಿದ್ದಾರೆ ಅಷ್ಟೇ ಎಂದು ನರ್ಸಮ್ಮ ಅವರನ್ನು ಸಮಾಧಾನಪಡಿಸಿ ಒಳಗೆ ಕರೆದುಕೊಂಡು ಬಂದರು.

ಮಿಲಿಗ್ರಾಂಗೆ ಒಂದೇ ಮಾತಿನಲ್ಲಿ ಬಿಡುಗಡೆಯಿತ್ತು. ಪರದೆ ಸರಿಸಿದರೆ ಸಾಕು. ಆದರೆ ಎದುರಿಗೆ ದರ್ಜಿ ನಿಂತಿದ್ದ. ಈಗ ಯಂತ್ರ ನೋಡಿದರೆ ಮುಂದಿನ ತಿಂಗಳು ಮೇಲೆ ಇದಕ್ಕಿಂತ ದೊಡ್ಡ ಯಂತ್ರ ಬರುತ್ತದೆ, ಬಹುಶಃ ಕೂಗುವಂಥದ್ದು. ಒಂದು ಕಡೆ ಕಳ್ಳ ಎಂಬ ಹೆಸರು, ಇನ್ನೊಂದು ಕಡೆ ಇದು. ತಪ್ಪಿಲ್ಲದ ಮನುಷ್ಯ ಇಂಥಲ್ಲಿ ತಡಮಾಡುವುದಿಲ್ಲ. ಮಿಲಿಗ್ರಾಂ ತಡಮಾಡಿದ. ಎರಡೂ ತಟ್ಟೆಗಳು ಸಮಕ್ಕೆ ನಿಂತು ಅಲ್ಲಾಡುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ಪರೀಕ್ಷಕ ಪೆನ್ನಿನ ಮುಚ್ಚಳ ತೆಗೆದ.

“ರೀ,” ಎಂದಳು ಹೆಂಡತಿ. “ನೀವು ಎಳೀತೀರಾ, ನಾನೇ ಎಳೀಲಾ?”

ಉತ್ತರಕ್ಕೆ ಕಾಯದೆ ಅವಳೇ ಎಳೆದಳು. ಬಿಳಿಯ ಉದ್ದನೆಯ ಯಂತ್ರ, ಪಕ್ಕದಲ್ಲಿ ಉಪ್ಪಿನ ಡಬ್ಬ, ಅದರ ಮೇಲೆ ತೂಕದ ಬಟ್ಟುಗಳನ್ನು ಒಯ್ಯುವ ಚರ್ಮದ ಪೆಟ್ಟಿಗೆ. ಎಂಟು ತಿಂಗಳು ಉಪ್ಪು ಆ ಪೆಟ್ಟಿಗೆಯೊಳಗೇ ಅಡಗಿಕೊಂಡು ಮೆಟ್ಟಿಲು ಹತ್ತಿತ್ತು. ಮೊದಲು ಮಾತಾಡಿದವನು ದರ್ಜಿ.

“ಹಳೇ ಸಾಮಾನು ಅಂದಿದ್ರಲ್ಲ ಅಕ್ಕಾ,” ಎಂದು ಅವನು ಪರದೆಯ ಅಂಚನ್ನು ನೇವರಿಸಿದ. ಅವನ ಕಣ್ಣು ಮಾತ್ರ ಯಂತ್ರದ ಮೇಲಿತ್ತು.

ಪರೀಕ್ಷಕ ಪುಸ್ತಕ ಮುಚ್ಚಿದ. ಕಳವಲ್ಲ ಎಂದು ಗೊತ್ತಾಗಿ ಅವನಿಗೆ ದಣಿವು ಮರಳಿ ಬಂತು. ಈ ಯಂತ್ರ ನೀರಿನಿಂದ ಸುಣ್ಣದ ಅಂಶ ತೆಗೆದು, ಅದರ ಬದಲಿಗೆ ಉಪ್ಪಿನ ಅಂಶ ಬಿಡುತ್ತದೆ, ಸ್ನಾನಕ್ಕೆ ಬಟ್ಟೆಗೆ ಬಹಳ ಒಳ್ಳೆಯದು ಎಂದ. ಅಷ್ಟರಲ್ಲಿ ಅವನ ದೃಷ್ಟಿ ಬಾಲ್ಕನಿಯ ಕಡೆ ಹೋಯಿತು. ಅಲ್ಲಿ ಕಡ್ಡಿಯಂಥದೊಂದು ನಿಂತಿತ್ತು, ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಏನೋ ಹರಳುಗಟ್ಟಿತ್ತು.

“ಗಿಡಕ್ಕೂ ಇದೇ ನೀರು ಹಾಕ್ತಿದ್ದೀರಾ?”

“ಎಲ್ಲಾ ನಲ್ಲಿಗೂ ಇದೇ,” ಎಂದ ಮಿಲಿಗ್ರಾಂ.

“ತಿಂಗಳಿಗೆ ಎಷ್ಟು ಉಪ್ಪು ಹೋಗುತ್ತೆ?”

ಸುಳ್ಳು ಅಳತೆ ಹೇಳುವುದು ಅವನ ಜಾಯಮಾನವಲ್ಲ. “ಹತ್ತು ಕಿಲೋ ನೂರಿಪ್ಪತ್ತು ಗ್ರಾಂ.”

ಅತ್ತೆ ಚೀಲ ಕೆಳಗಿಟ್ಟರು. ಬಾಲ್ಕನಿಗೆ ಹೋಗಿ ಆ ಕಡ್ಡಿಯನ್ನು ಮುಟ್ಟಿದರು. ತಿರುಗಿ ಬಂದು ಅಳಿಯನ ಮುಖ ನೋಡಿದರು.

“ನನ್ನ ಗುಲಾಬಿಗೆ ದಿನಾ ಉಪ್ಪು ಹಾಕಿದ್ರಾ ಅಳಿಯಂದ್ರೇ? ಅಳೆದು ಅಳೆದು?”

ಮೀಟರಿನಲ್ಲಿ ವ್ಯತ್ಯಾಸ ಇಪ್ಪತ್ತೊಂದೇ ಇತ್ತು ಎಂದು ಅವನು ತೊದಲಿದ. ಪರೀಕ್ಷಕ ಆ ಮೀಟರನ್ನು ಕೈಗೆ ತೆಗೆದುಕೊಂಡು, ಹೊರಳಿಸಿ ನೋಡಿ, ಮರಳಿ ಕೊಟ್ಟ. ಎಷ್ಟು ಕರಗಿದೆ ಎಂದು ಮಾತ್ರ ಇದಕ್ಕೆ ಗೊತ್ತು, ಏನು ಕರಗಿದೆ ಎಂದು ಗೊತ್ತಿಲ್ಲ, ಎರಡನೆಯ ಪುಟದಲ್ಲಿ ಬರೆದಿರುತ್ತಾರಲ್ಲ ಎಂದ. ಕಿಲೋ ಅಕ್ಕಿಯೂ ಕಿಲೋ ಮರಳೂ ತಕ್ಕಡಿಗೆ ಒಂದೇ ಎಂಬುದು ತಕ್ಕಡಿಯವನಿಗೆ ಬಾರದ ಪಾಠವಲ್ಲ. ಗಿಡ ಪೂರ್ತಿ ಸತ್ತಿಲ್ಲ, ಮಾಮೂಲಿ ನೀರನ್ನು ಧಾರಾಳವಾಗಿ ಸುರಿದು ಮಣ್ಣಿನ ಉಪ್ಪು ತೊಳೆದು ಹೋಗುವ ಹಾಗೆ ಮಾಡಿ, ನೀರು ಯಂತ್ರಕ್ಕೆ ಹೋಗುವ ಮೊದಲೇ ಒಂದು ನಲ್ಲಿ ಬೇರೆ ತೆಗೆಸಿ ಎಂದು ಪರೀಕ್ಷಕ ಮೆಟ್ಟಿಲಿಳಿದ. ಅತ್ತೆ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಕುರ್ಚಿ ಎಳೆದ ಸದ್ದು ಕೇಳಿತು. ಚಹಾದ ಲೋಟಗಳ ಸದ್ದು ಕೇಳಿತು. ಮೂರು ನಿಮಿಷ ತಡವಾಗಿ ಹಕ್ಕಿಯೂ ಕೂಗಿತು.

ಎಲ್ಲರೂ ಹೋದ ಮೇಲೂ ದರ್ಜಿ ಹೋಗಿರಲಿಲ್ಲ. ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಅಣಕಿಸಲು ಕುಳಿತಿದ್ದಾನೆ ಎಂದುಕೊಂಡು ಮಿಲಿಗ್ರಾಂ ಕಾದ.

“ಎಂಟು ತಿಂಗಳಿಂದ ನಿಮ್ಮ ಅಂಗಿ ಒಣಗೋದನ್ನ ಮೇಲಿಂದ ನೋಡ್ತಿದ್ದೀನಿ ಸಾರ್,” ಎಂದ ದರ್ಜಿ. “ಹೊಲಿಯೋಕೆ ಮುಂಚೆ ಬಟ್ಟೆ ಒಗೀಲೇಬೇಕು ನಾನು. ಬಿಳೀದು ಹಾಕಿದ್ರೆ ಬೂದಿ ಬಣ್ಣ ಬರುತ್ತೆ. ನಿಮ್ಮದು ಹಾಲಿನ ಹಾಗೆ. ಯಾವ ಸೋಪು ಅಂತ ಅಕ್ಕನ್ನ ಕೇಳಿದೆ, ಅದೇ ತಂದೆ, ಆದ್ರೂ ಬೂದಿ. ಊಟ ಸೇರ್ತಿರಲಿಲ್ಲ ನನಗೆ.”

ಮಿಲಿಗ್ರಾಂ ಆ ಇಡೀ ವಾರದಲ್ಲಿ ಕೇಳಿದ ಮಾತುಗಳಲ್ಲಿ ಇಷ್ಟು ತಂಪಾದದ್ದು ಬೇರೆ ಇರಲಿಲ್ಲ. ಅವನು ಇನ್ನೊಮ್ಮೆ ಹೇಳಿಸಲು, ಏನು ಸೇರ್ತಿರಲಿಲ್ಲ ಎಂದು ಕೇಳಿದ.

ಒಪ್ಪಂದವನ್ನು ಮಾಡಿದವರು ಹೆಂಗಸರು. ಬೇರೆ ನಲ್ಲಿ ತೆಗೆಯಲು ಕೊಳಾಯಿಯವನಿಗೆ ಹೇಳಿ ಕಳಿಸಿದಾಗ, ಅರ್ಧ ಕೆಲಸ ಇನ್ನೂ ಬಾಕಿ ಇದೆಯಾ ಎಂದು ಅವನು ವಿಚಾರಿಸಿ, ನಾಳೆ ಬರುತ್ತೇನೆ ಎಂದ. ಆ ನಾಳೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಮೇಲಿನ ಮನೆಯ ಒಂದು ಬಕೆಟ್ ಗಡಸು ನೀರು ಗುಲಾಬಿಗೆ ಇಳಿಯಬೇಕು, ಕೆಳಗಿನ ಮನೆಯ ಒಂದು ಬಕೆಟ್ ಮೆದು ನೀರು ಬಟ್ಟೆಗೆ ಹತ್ತಬೇಕು. ಹೀಗೆ ಪ್ರತಿದಿನ ಏಳು ಗಂಟೆಗೆ ಇಬ್ಬರೂ ಬಕೆಟ್ ಹಿಡಿದು ಮೆಟ್ಟಿಲ ತಿರುವಿನಲ್ಲಿ ಎದುರಾಗುತ್ತಿದ್ದರು. ಒಬ್ಬ ಹತ್ತುವಾಗ ಇನ್ನೊಬ್ಬ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ, ಮತ್ತು ಇಬ್ಬರೂ ಎದುರಿನವನ ಬಕೆಟ್ಟಿನೊಳಗೆ ಒಂದು ಕಣ್ಣು ಹಾಯಿಸುತ್ತಿದ್ದರು. ತನ್ನದು ಎಷ್ಟು ತುಂಬಿದೆ, ಅವನದು ಎಷ್ಟು.

ಆರು ವಾರಕ್ಕೆ ಕೆಳಗಿನ ಕಡ್ಡಿ ಚಿಗುರಿ ಒಂದು ಮೊಗ್ಗು ಹಿಡಿಯಿತು. ಮಿಲಿಗ್ರಾಂ ದಪ್ಪ ಅಳೆಯುವ ಕ್ಯಾಲಿಪರ್ ತಂದು ಅಳೆದ. ಇಪ್ಪತ್ತನಾಲ್ಕು ಮಿಲಿಮೀಟರ್. ಆ ಬೆಳಿಗ್ಗೆ ಮೇಲೆ ನೀರು ಹಿಡಿಯುವ ನೆಪದಲ್ಲಿ ದರ್ಜಿಯ ಗಿಡದ ಹೊಸ ಮೊಗ್ಗನ್ನೂ ಅಳೆದ. ಇಪ್ಪತ್ತಾರು. ಎರಡು ಮಿಲಿಮೀಟರ್ ಕಡಿಮೆ. ಅವನು ಭಾರವಾದ ಬಕೆಟ್ ಎತ್ತಿಕೊಂಡು, ಅದಕ್ಕಿಂತ ಭಾರವಾದ ಎದೆ ಹೊತ್ತುಕೊಂಡು ಇಳಿದ.

ತಿರುವಿನಲ್ಲಿ ದರ್ಜಿ ನಿಂತಿದ್ದ. ಮೆದು ನೀರು ಹಿಡಿಯಲು ಹೋದಾಗ ಕೆಳಗಿನ ಬಾಲ್ಕನಿಯನ್ನು ನೋಡಿಕೊಂಡು ಬಂದಿದ್ದ. ಅವನ ಮುಖ ಚೆನ್ನಾಗಿರಲಿಲ್ಲ.

“ನಿಮ್ಮ ಮೊಗ್ಗೇ ದಪ್ಪ ಸಾರ್,” ಎಂದ. “ಅದರ ಮುಂದೆ ನಮ್ಮದು ಏನೂ ಅಲ್ಲ.”

ಮಿಲಿಗ್ರಾಂನ ಜೇಬಿನಲ್ಲಿ ಕ್ಯಾಲಿಪರ್ ಇತ್ತು. ತಪ್ಪು ಅಳತೆ ಕಿವಿಗೆ ಬಿದ್ದರೆ ಮದುವೆಮನೆಯಲ್ಲೂ ಎದ್ದು ನಿಂತು ತಿದ್ದುವ ಮನುಷ್ಯ ಅವನು. ಬಕೆಟ್ಟನ್ನು ಮೆಟ್ಟಿಲ ಮೇಲೆ ಇಟ್ಟ. ಜೇಬಿನವರೆಗೆ ಹೋದ ಕೈಯಿಂದ ಜೇಬಿನ ಬಾಯನ್ನು ಮೆಲ್ಲಗೆ ಒತ್ತಿ ಮುಚ್ಚಿದ.

“ನಿಮ್ಮ ಕಣ್ಣಳತೆ ಯಾವತ್ತೂ ತಪ್ಪಿದ್ದಿಲ್ಲ,” ಎಂದ.